ಕಾಶಿಯಲ್ಲಿ ಬಿಟ್ಟದ್ದು

ಕಲ್ಯಾಣದುರ್ಗದಿಂದ ತಮ್ಮನ ಹೆಂಡತಿ ಪದ್ಮಲತಾಳ ಫೋನು ಬಂದಾಗ ಪ್ರಮೀಳಾ ಹಿಂದೂಪುರದ ತನ್ನ ಅಡುಗೆಮನೆಯಲ್ಲಿ ನೆನೆಸಿದ ಸಾಮೆಯನ್ನು ತೂಕಕ್ಕೆ ಹಾಕುತ್ತಿದ್ದಳು. ಕೈ ಒದ್ದೆಯಾಗಿದ್ದರಿಂದ ಮೊಣಕೈಯಲ್ಲೇ ಫೋನನ್ನು ಸ್ಪೀಕರಿಗೆ ಹಾಕಿ, ಉಪ್ಪಿನ ಡಬ್ಬಿಗೆ ಒರಗಿಸಿದಳು.

"ಅತ್ತಿಗೆ, ಈ ಸಲ ಅಮ್ಮನ ಎಲೆಗೆ ನೀವೇ ಕೂತ್ಕಬೇಕು," ಎಂದಳು ಪದ್ಮಲತಾ. "ಚಿಕ್ಕಮ್ಮಂಗೆ ಇನ್ನು ಆಗಲ್ವಲ್ಲ."

ಪ್ರಮೀಳಾಳ ತಾಯಿ ಪದ್ಮಾವತಮ್ಮ ಹಣೆಯ ಕುಂಕುಮದೊಂದಿಗೇ ತೀರಿಕೊಂಡು ಮೂರು ವರ್ಷವಾಗಿತ್ತು. ಹಾಗೆ ಗಂಡನಿಗಿಂತ ಮೊದಲು ಹೋದ ಹೆಂಗಸರಿಗೆ ಪಿತೃಪಕ್ಷದ ನವಮಿಯ ದಿನ ಎಲೆ ಹಾಕುವುದು ಅವರ ಮನೆತನದ ಪದ್ಧತಿ. ಒಬ್ಬ ಮುತ್ತೈದೆಯನ್ನು ಕೂರಿಸಿ, ಸತ್ತವಳಿಗೆ ಏನೇನು ಇಷ್ಟವಿತ್ತೋ ಅದನ್ನೆಲ್ಲ ಮಾಡಿ ಬಡಿಸಬೇಕು. ಆಕೆ ತಿಂದದ್ದು ಸತ್ತವಳಿಗೆ ಮುಟ್ಟುತ್ತದೆ. ಆದ್ದರಿಂದ ಆಕೆ ಯಾವುದಕ್ಕೂ ಬೇಡವೆನ್ನುವಂತಿಲ್ಲ, ಎಲೆಯಲ್ಲಿ ಬಿಡುವಂತೆಯೂ ಇಲ್ಲ. ಹಿಂದಿನ ಎರಡು ವರ್ಷ ಆ ಎಲೆಗೆ ಕೂತವಳು ಅಮ್ಮನ ಸ್ವಂತ ತಂಗಿ. ಈ ಯುಗಾದಿ ಕಳೆದ ಮೇಲೆ ಚಿಕ್ಕಮ್ಮನ ಗಂಡ ಹೋಗಿಬಿಟ್ಟರು. ಸೊಸೆ ಬಡಿಸುವವಳು, ಇನ್ನು ಉಳಿದವಳು ಮಗಳೇ.

"ಆಯ್ತು, ಬತ್ತೀವಿ," ಎಂದು ಪ್ರಮೀಳಾ ಫೋನಿಟ್ಟಳು. ತೂಕದ ಯಂತ್ರದ ಕಡೆ ನೋಡಿದರೆ ಬಟ್ಟಲಿನ ತೂಕ ಕಳೆದಿದ್ದೆನೋ ಇಲ್ಲವೋ ನೆನಪಾಗಲಿಲ್ಲ. ಸಾಮೆಯನ್ನೆಲ್ಲ ಸುರಿದು, ಬಟ್ಟಲು ಒರೆಸಿ, ಮೊದಲಿನಿಂದ ತೂಗಿದಳು.

ಇದೆಲ್ಲ ಶುರುವಾದದ್ದು ಒಳ್ಳೆಯ ರೀತಿಯಲ್ಲೇ. ಅಮ್ಮ ಸಕ್ಕರೆ ಕಾಯಿಲೆಯಲ್ಲಿ ಹೋದವಳು. ಕೊನೆಯ ವರ್ಷವೆಲ್ಲ ಡಯಾಲಿಸಿಸ್ಸಿಗೆಂದು ಅನಂತಪುರಕ್ಕೆ ಓಡಾಟ. ರಕ್ತ ತೊಳೆಸಿಕೊಂಡು ವಾಪಸು ಬರುವಾಗ ದಾರಿಯಲ್ಲಿ ಕಾರು ನಿಲ್ಲಿಸಿ ಬೋಂಡಾ ಕೇಳುತ್ತಿದ್ದಳು. ಕೊಡಿಸದಿದ್ದರೆ ಮುಖ ಕಿಟಕಿಯ ಕಡೆ. ಮನೆಯಲ್ಲಿ ಹುಡುಕಿದರೆ ಸೀರೆ ಮಡಿಕೆಗಳ ನಡುವೆ ಒಬ್ಬಟ್ಟಿನ ಚೂರು ಸಿಗುತ್ತಿತ್ತು. ಅವಳ ಹನ್ನೆರಡನೆಯ ದಿನ ಕಳೆದು ಹಿಂದೂಪುರಕ್ಕೆ ಬಂದ ಪ್ರಮೀಳಾ ತನಗೂ ರಕ್ತ ಪರೀಕ್ಷೆ ಮಾಡಿಸಿದಳು. ಸಕ್ಕರೆ ಗಡಿಯಲ್ಲಿದೆ, ಊಟದಲ್ಲಿ ಹಿಡಿತವಿರಲಿ ಎಂದರು ಡಾಕ್ಟರು.

ಅವಳು ಹಿಡಿತ ತಂದಳು. ಸಕ್ಕರೆ ಬಿಟ್ಟಳು, ಅಕ್ಕಿಯ ಬದಲು ಸಾಮೆ, ನವಣೆ ತಂದಳು. ಆರು ತಿಂಗಳಿಗೆ ರಿಪೋರ್ಟು ಸರಿಹೋಯಿತು. ಡಾಕ್ಟರು ಹೊಗಳಿದರು, ಬೀದಿಯ ಹೆಂಗಸರು ಬಂದು ಹೇಗೆ ಮಾಡಿದಿರಿ ಎಂದು ಕೇಳಿಕೊಂಡು ಹೋದರು. ಮದುವೆಯಾಗಿ ಇಪ್ಪತ್ತು ವರ್ಷವಾದರೂ ಅವಳನ್ನು ಯಾರೂ ಯಾವ ವಿಷಯಕ್ಕೂ ಹಾಗೆ ಕೇಳಿರಲಿಲ್ಲ. ನಿಲ್ಲಿಸಬೇಕಾದ ಜಾಗ ಅದೇ ಇರಬಹುದು. ಆದರೆ ಫೋನಿನಲ್ಲಿ ದಿನಕ್ಕೊಬ್ಬರು ಬಂದು ದಿನಕ್ಕೊಂದು ವಿಷದ ಹೆಸರು ಹೇಳುತ್ತಿದ್ದರು. ಬೆಲ್ಲವೂ ಸಕ್ಕರೆಯೇ ಎಂದರು, ಬೆಲ್ಲ ಹೋಯಿತು. ಎಣ್ಣೆ ಹೋಯಿತು, ಹಾಲು ಹೋಯಿತು. ಹುಣಸೆಹಣ್ಣು ಮೂಳೆಗೆ ಆಗದು ಎಂದು ಯಾರೋ ಅಂದದ್ದಕ್ಕೆ, ಊರಿಗೆ ಊರೇ ಹುಣಸೆಯ ಗಮಲು ಹೊಡೆಯುವ ಹಿಂದೂಪುರದಲ್ಲಿ ಕೂತು ಅವಳು ಹುಣಸೆಯನ್ನೂ ಬಿಟ್ಟಳು. ತಟ್ಟೆಯಲ್ಲಿ ಎಲ್ಲವೂ ಅಂದುಕೊಂಡ ಹಾಗೇ ಇದ್ದ ದಿನ ಅವಳ ಮನಸ್ಸು ಗುಡಿಸಿ ಸಾರಿಸಿದ ಅಂಗಳದ ಹಾಗೆ ಇರುತ್ತಿತ್ತು. ಏನಾದರೂ ಹೆಚ್ಚುಕಮ್ಮಿಯಾದರೆ ಆ ದಿನವೇ ಕೆಟ್ಟಿತು. ಮರುದಿನ ಒಂದು ಹೊತ್ತು ಬಿಟ್ಟು ಸರಿಮಾಡಿಕೊಳ್ಳುವಳು.

ತೊಂದರೆಯಿದ್ದದ್ದು ಮನೆಯಿಂದ ಹೊರಗೆ. ನಮ್ಮ ಕಡೆ ಬಡಿಸುವವರಿಂದ ತಪ್ಪಿಸಿಕೊಳ್ಳುವುದು ಸುಲಭವಲ್ಲ. ಬೇಡವೆಂದರೆ ನಾಚಿಕೆ ಅನ್ನುತ್ತಾರೆ, ಶುಗರು ಎಂದರೆ ಒಂದೇ ಒಂದು ತಿಂದರೆ ಏನಾಗಲ್ಲ ಅನ್ನುತ್ತಾರೆ. ಆಗ ಅವಳ ಕೈಗೆ ಸಿಕ್ಕಿದ್ದು ಕಾಶಿ.

ಅಮ್ಮನ ವರ್ಷಾಬ್ದಿಕ ಮುಗಿದ ಮೇಲೆ ಗಂಡ ವೇಣುಗೋಪಾಲನೂ ಅವಳೂ ಟೂರಿನವರ ಜೊತೆ ಕಾಶಿಗೆ ಹೋಗಿದ್ದರು. ಗಂಗೆಯಲ್ಲಿ ಮೊಣಕಾಲುದ್ದ ನೀರಿನಲ್ಲಿ ನಿಲ್ಲಿಸಿ ಪುರೋಹಿತರು, ಒಂದು ಹಣ್ಣು ಒಂದು ಕಾಯಿ ಬಿಡಿ, ಇನ್ನು ಈ ಜನ್ಮದಲ್ಲಿ ಮುಟ್ಟಬಾರದು ಎಂದರು. ಇಂಥ ಕಡೆ ಜನ ಜಾಣರಾಗುತ್ತಾರೆ. ವೇಣುಗೋಪಾಲ ಲಿಚಿ ಹಣ್ಣು ಬಿಟ್ಟ, ಅದನ್ನು ಅವನು ಹುಟ್ಟಿದಾಗಿನಿಂದ ಬಾಯಿಗಿಟ್ಟವನೇ ಅಲ್ಲ. ಪ್ರಮೀಳಾ ಮಾತ್ರ ನಿಯತ್ತಾಗಿ ಸೀತಾಫಲ ಬಿಟ್ಟಳು, ಜೊತೆಗೆ ಸೋರೆಕಾಯಿ. ಸೀತಾಫಲವೆಂದರೆ ಅವಳಿಗೆ ಪ್ರಾಣ. ಅಮ್ಮ ಗುಡ್ಡದ ಕಾಯಿಗಳನ್ನು ಅಕ್ಕಿಯ ಡಬ್ಬಿಯಲ್ಲಿ ಹೂತು, ಹಣ್ಣಾದ ಮೊದಲನೆಯದನ್ನು ಅವಳಿಗೇ ಕೊಡುತ್ತಿದ್ದಳು.

ಊರಿಗೆ ಬಂದ ಮೇಲೆ ಒಂದು ಗೃಹಪ್ರವೇಶದಲ್ಲಿ ಎಲೆಗೆ ಒಬ್ಬಟ್ಟು ಬರುತ್ತಿರುವುದನ್ನು ಕಂಡು ಅವಳ ಬಾಯಿಂದ ತಾನಾಗಿ ಬಂತು: "ಒಬ್ಬಟ್ಟು ಕಾಶಿಲಿ ಬಿಟ್ಟೀನಿ ಕಣಮ್ಮ." ಬಡಿಸುವಾಕೆಯ ಕೈ ಅಲ್ಲೇ ನಿಂತಿತು. ಅಯ್ಯೋ ಗೊತ್ತಿರಲಿಲ್ಲ ಎಂದು ಆಕೆ ಎದೆ ಮುಟ್ಟಿಕೊಂಡು ಮುಂದಿನ ಎಲೆಗೆ ಹೋದಳು. ಎದುರಿನ ಸಾಲಿನಲ್ಲಿ ಕೂತಿದ್ದ ವೇಣುಗೋಪಾಲ ತಲೆಯೆತ್ತಿ ಹೆಂಡತಿಯನ್ನು ನೋಡಿದ. ಮತ್ತೆ ತನ್ನ ಎಲೆಗೆ ತಲೆ ಬಗ್ಗಿಸಿದ.

ಅಲ್ಲಿಂದ ಆ ಮಾತು ಅವಳ ಜೊತೆಗೇ ಓಡಾಡಿತು. ಒಂದು ಮನೆಯಲ್ಲಿ ಅನ್ನ ಬಿಟ್ಟಳು, ಇನ್ನೊಂದು ಮನೆಯಲ್ಲಿ ಬದನೆಕಾಯಿ. ಎಲ್ಲಿಯೂ ಯಾರೂ ಒತ್ತಾಯ ಮಾಡಲಿಲ್ಲ. ಕಾಶಿಯಲ್ಲಿ ಬಿಟ್ಟದ್ದನ್ನು ತಿನ್ನಿಸಿ ಪಾಪ ಕಟ್ಟಿಕೊಳ್ಳುವವರು ಯಾರು?

ವೇಣುಗೋಪಾಲನಿಗೆ ಬಜಾರಿನಲ್ಲಿ ಬ್ಲೌಸ್ ಪೀಸಿನ ಮ್ಯಾಚಿಂಗ್ ಸೆಂಟರ್ ಇತ್ತು. ಅಂಗಡಿಯ ಮೆಟ್ಟಿಲ ಮೇಲೆ ಮಿಷನ್ ಇಟ್ಟುಕೊಂಡಿದ್ದ ಟೈಲರ್ ಕದಿರಣ್ಣನ ಹತ್ತಿರ ಪ್ರಮೀಳಾಳ ರವಿಕೆಗಳು ಹೊಲಿಗೆ ಹಿಡಿಸಿ ಚಿಕ್ಕದು ಮಾಡಿಸುವುದಕ್ಕೆ ಮತ್ತೆ ಮತ್ತೆ ಬರುತ್ತಿದ್ದವು. ಅವಳ ತಲೆಗೂದಲು ಬಚ್ಚಲ ತೂಬಿಗೆ ಕಟ್ಟಿಕೊಳ್ಳುತ್ತಿತ್ತು. ಬೇಸಿಗೆಯಲ್ಲೂ ಬೆರಳ ತುದಿ ತಣ್ಣಗೆ. ಮುಟ್ಟು ನಿಂತು ವರ್ಷವಾಗುತ್ತ ಬಂದಿತ್ತು. ನಲವತ್ತನಾಲ್ಕಕ್ಕೆ ನಿಂತರೆ ಏನಾಯಿತು, ಒಳ್ಳೆಯದೇ ಆಯಿತು ಎಂದುಕೊಂಡಿದ್ದಳು.

ಅನಂತಪುರದಲ್ಲಿ ಫಾರ್ಮಸಿ ಓದುವ ಮಗಳು ಕೀರ್ತನಾ ಹೋದ ತಿಂಗಳು ಒಂದು ದಿನ ಫೋನಿನಲ್ಲಿ, ಎಲ್ಲಿಂದಲೋ ಮಾತು ತಂದು, ಆರೋಗ್ಯದ ಊಟ ಅಂತ ಕಟ್ಟುನಿಟ್ಟು ಮಾಡುವುದೇ ಕೆಲವರಿಗೆ ಒಂದು ಕಾಯಿಲೆಯಾಗಿಬಿಡುತ್ತದಂತೆ, ನಮ್ಮ ಮೇಡಂ ಹೇಳಿದರು ಎಂದಳು.

"ಬೇಕರಿ ಪಫ್ಸ್ ತಿನ್ನೋರ್ಗೆ ಇಲ್ದಿರೋ ಕಾಯಿಲೆ ನಂಗ್ಯಾಕೆ ಬತ್ತೈತೆ? ನೀನು ಹಾಸ್ಟ್ಲಾಗೆ ಏನ್ ತಿಂತಿದ್ದೀಯ, ಅದು ಹೇಳು ಮೊದ್ಲು," ಎಂದು ಪ್ರಮೀಳಾ ಮಾತು ತಿರುಗಿಸಿದ್ದಳು. ಆದರೆ ಆಮೇಲೆ ಎರಡು ದಿನ ಮಗಳ ಫೋನು ಎತ್ತಲಿಲ್ಲ.

ನವಮಿಯ ಹಿಂದಿನ ದಿನ ಗಂಡ ಹೆಂಡತಿ ಬಸ್ಸು ಹತ್ತಿದರು. ಪಾವಗಡದಲ್ಲಿ ಇಳಿದು ಇನ್ನೊಂದು ಬಸ್ಸು. ಆ ಒಂದು ತುಂಡು ಕರ್ನಾಟಕ ದಾಟಿದರೆ ಮತ್ತೆ ಆಂಧ್ರ. ಪ್ರಮೀಳಾಳ ಬ್ಯಾಗಿನಲ್ಲಿ ಎರಡು ಸ್ಟೀಲ್ ಡಬ್ಬಿ: ಒಂದರಲ್ಲಿ ಬೇಯಿಸಿದ ಸಾಮೆ, ಇನ್ನೊಂದರಲ್ಲಿ ಉಪ್ಪು ಹಾಕದ ಸೌತೆಕಾಯಿ. ದಾರಿಯುದ್ದಕ್ಕೂ ಅವಳು ನಾಳೆಯ ಎಲೆಯನ್ನೇ ಲೆಕ್ಕ ಹಾಕುತ್ತಿದ್ದಳು. ಅಮ್ಮನಿಗೆ ಇಷ್ಟವಾದದ್ದೆಲ್ಲ ಅವಳಿಗೆ ಬಾಯಿಪಾಠ: ಹುಣಸೆ ಅನ್ನ, ಅಲಸಂದೆ ವಡೆ, ಬದನೆಕಾಯಿ ಎಣ್ಣೆಗಾಯಿ, ಕಡಲೆಬೀಜದ ಚಟ್ನಿ, ತುಪ್ಪ ಸುರಿದ ಒಬ್ಬಟ್ಟು. ವಡೆ ಒಂದು ಚೂರು ಮುರಿದು ಬಾಯಿಗಿಟ್ಟುಕೊಳ್ಳಬಹುದು, ಅನ್ನವನ್ನು ಕಲಸಿದ ಹಾಗೆ ಮಾಡಿ ಎಲೆ ಮಡಚಬಹುದು ಎಂದು ಯೋಚಿಸಿದಳು. ಆಮೇಲೆ, ಎಲೆಯಲ್ಲಿ ಬಿಟ್ಟರೆ ಅಮ್ಮ ಅರೆಹೊಟ್ಟೆಯಲ್ಲಿ ಎದ್ದ ಹಾಗೆ, ಎನ್ನುವುದು ನೆನಪಾಯಿತು. ನಂಬುತ್ತೀಯಾ ಎಂದು ಯಾರಾದರೂ ಕೇಳಿದ್ದರೆ ಇಲ್ಲ ಅನ್ನುತ್ತಿದ್ದಳೇನೋ. ಆದರೂ ಅಮ್ಮ ಹಸಿದುಕೊಂಡು ಏಳುವ ಚಿತ್ರ ಕಣ್ಣಿಂದ ಹೋಗಲಿಲ್ಲ. ಸತ್ತವಳ ವಿಷಯ ಹೋಗಲಿ, ಇದ್ದಾಗಲೂ ಅವಳು ಅರ್ಧ ಊಟಕ್ಕೆ ಎದ್ದವಳಲ್ಲ.

ಕಲ್ಯಾಣದುರ್ಗದ ಮನೆಯಲ್ಲಿ ಅಪ್ಪ ಕೇಶವಯ್ಯ ಹೊರಗಿನ ಕಟ್ಟೆಯ ಮೇಲೇ ಕಾಯುತ್ತಿದ್ದರು. ಮಗಳ ಕೈ ಹಿಡಿದು ಒಳಗೆ ಕರೆದುಕೊಂಡು ಬರುವಾಗ ಅವರ ಬೆರಳು ಅವಳ ಮಣಿಕಟ್ಟಿನ ಸುತ್ತ ಒಂದು ಸುತ್ತು ಬಂದು ಇನ್ನೂ ಮಿಕ್ಕಿತು. ಅವರು ಆ ಕೈಯನ್ನು ಒಮ್ಮೆ ನೋಡಿದರು, ಬಿಟ್ಟರು.

ಮಧ್ಯಾಹ್ನ ಇಳಿದ ಮೇಲೆ ಎಲ್ಲರೂ ಹಜಾರದಲ್ಲಿ ಕೂತು ಮರುದಿನದ ಚಟ್ನಿಗೆ ಕಡಲೆಕಾಯಿ ಸುಲಿಯುತ್ತಿದ್ದರು. ಅಪ್ಪ, ತಮ್ಮ ಸಾಯಿಕುಮಾರ್, ವೇಣುಗೋಪಾಲ, ಗೋಡೆಗೆ ಒರಗಿಕೊಂಡು ಚಿಕ್ಕಮ್ಮ. ಚಿಕ್ಕಮ್ಮ ಮೊದಲಿನ ಹಾಗೇ ದುಂಡಗಿದ್ದಳು. ಹಣೆ ಮಾತ್ರ ಬರಿದು. ಪದ್ಮಲತಾ ಬಂದು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಅತ್ತಿಗೆಯ ಎದುರು ಕೂತಳು.

"ಅತ್ತಿಗೆ, ಈಗ್ಲೇ ಹೇಳ್ಬುಡಿ. ಎಲೆ ಮೇಲೆ ಹಾಕಿದ್ಮೇಲೆ ಬ್ಯಾಡ ಅನ್ನಂಗಿಲ್ಲ. ನೀವು ಕಾಶಿಲಿ ಬಿಟ್ಟಿರೋದು ಒಬ್ಬಟ್ಟು ತಾನೆ? ಅದೊಂದು ಬಿಟ್ಟು ಮಿಕ್ಕಿದ್ದೆಲ್ಲ ಮಾಡ್ತೀನಿ."

"ಒಬ್ಬಟ್ಟಲ್ಲ ಕಣೇ, ಅನ್ನ," ಎಂದ ಸಾಯಿಕುಮಾರ್. "ಹೋದ ಸಂಕ್ರಾಂತಿಗೆ ನಂಗೇ ಹೇಳೈತೆ ಅಕ್ಕ."

ಚಿಕ್ಕಮ್ಮ ಕಡಲೆಬೀಜ ಬಾಯಿಗೆ ಹಾಕಿಕೊಳ್ಳುತ್ತ, ತನಗೆ ಹೇಳಿದ್ದು ಬದನೆಕಾಯಿ ಎಂದಳು. ಗಂಡನ ತಿಥಿಗೆ ಬಂದಾಗ ಎಣ್ಣೆಗಾಯಿ ಮುಂದಿಟ್ಟರೆ ಹುಡುಗಿ ಕೈಮುಗಿದುಬಿಟ್ಟಳಂತೆ. ಅಪ್ಪ ನಿಧಾನವಾಗಿ, ಕಾಫಿ ಅಂದಿದ್ದಳಲ್ಲ ನನಗೆ ಎಂದರು. ಪದ್ಮಲತಾಳಿಗೆ ಇನ್ನೊಂದು ನೆನಪಾಯಿತು: ತನ್ನ ತವರಿನವರ ಮದುವೆಯಲ್ಲಿ ಕರಿದದ್ದೆಲ್ಲ.

ಸಾಯಿಕುಮಾರನಿಗೆ ನಗು ತಡೆಯಲಿಲ್ಲ. "ಏನಕ್ಕಾ, ಕಾಶಿಲಿ ಕಿರಾಣಿ ಅಂಗಡಿನೇ ಇಟ್ಬುಟ್ಟು ಬಂದ್ಯಾ?"

ಎಲ್ಲರೂ ನಕ್ಕರು. ಪ್ರಮೀಳಾಳೂ ತುಟಿ ಅಗಲಿಸಿದಳು. ಮೊದಲು ನಗು ನಿಂತದ್ದು ಪದ್ಮಲತಾಳದು. ಅಡುಗೆ ಮಾಡುವವಳಲ್ಲವೇ, ಅವಳ ಮನಸ್ಸಿನಲ್ಲಿ ಎಲೆ ಆಗಲೇ ಹಾಸಿತ್ತು, ಅದರ ಮೇಲಿಂದ ಒಂದೊಂದೇ ಎದ್ದುಹೋಗುತ್ತಿತ್ತು.

"ಹಂಗಾದ್ರೆ ನಾಳೆ ಎಲೆ ಮೇಲೆ ಏನ್ ಹಾಕ್ಲಿ?" ಎಂದಳು.

ಅಪ್ಪ ಅಳಿಯನ ಕಡೆ ತಿರುಗಿದರು. "ನೀವು ಪಕ್ಕದಾಗೇ ನಿಂತಿದ್ರಲ್ಲ ನೀರಾಗೆ. ಏನ್ ಬಿಟ್ಳು ಇವ್ಳು?"

ವೇಣುಗೋಪಾಲ ಕೈಯಲ್ಲಿದ್ದ ಕಾಯಿಯನ್ನು ಒಡೆದ. ಬೀಜವನ್ನು ಮೊರಕ್ಕೆ ಹಾಕಿದ, ಸಿಪ್ಪೆಯನ್ನು ಈ ಕಡೆ ಹಾಕಿದ. ಪ್ರಮೀಳಾ ಅವನನ್ನೇ ನೋಡುತ್ತಿದ್ದಳು. ಅವನು ಯಾವುದೋ ಒಂದು ಹೆಸರು ಹೇಳಿದರೂ ಸಾಕಿತ್ತು, ಮಿಕ್ಕಿದ್ದನ್ನು ಅವಳು ನೋಡಿಕೊಳ್ಳುತ್ತಿದ್ದಳು.

"ಸೀತಾಫಲ, ಸೋರೆಕಾಯಿ," ಎಂದ ಅವನು. "ಅಷ್ಟೇ ಮಾವ."

ಕಾಶಿಯ ಹೆಸರಲ್ಲಿ ಸುಳ್ಳು ಹೇಳಿದವಳನ್ನು ಆ ಮನೆಯಲ್ಲಿ ಯಾರಾದರೂ ಬೈದಿದ್ದರೆ ಅವಳಿಗೆ ಜವಾಬು ಕೊಡುವುದಕ್ಕಾದರೂ ಆಗುತ್ತಿತ್ತು. ಯಾರೂ ಬೈಯಲಿಲ್ಲ. ಅಪ್ಪ ಮುಂದಿದ್ದ ಸಿಪ್ಪೆಯನ್ನೆಲ್ಲ ಅಂಗೈಯಿಂದ ಒಂದು ಕಡೆ ಗುಡ್ಡೆ ಮಾಡಿದರು. "ಸರಿ ಪದ್ಮಾ, ಎಲ್ಲಾ ಮಾಡಮ್ಮ. ನಿಮ್ಮತ್ತೆ ಹೆಂಗ್ ತಿಂತಿದ್ಳೋ ಹಂಗೇ ಮಾಡು," ಎಂದು ಎದ್ದು ಹೊರಗೆ ಹೋದರು.

ಸಂಜೆ ಮಾಳಿಗೆಯ ಮೇಲೆ ಒಣಗಿದ ಬಟ್ಟೆ ತೆಗೆಯುವ ನೆಪದಲ್ಲಿ ಪ್ರಮೀಳಾ ಹತ್ತಿದಳು. ವೇಣುಗೋಪಾಲ ಹಿಂದೆಯೇ ಬಂದ. ಮೆಟ್ಟಿಲು ಹತ್ತಿದ್ದಕ್ಕೇ ಅವಳ ಕಣ್ಣಿಗೆ ಕತ್ತಲೆ ಬಂತು, ನೀರಿನ ಟ್ಯಾಂಕು ಹಿಡಿದುಕೊಂಡು ನಿಂತಳು.

ಅಪ್ಪನ ಮುಂದೆ ತನ್ನ ಮರ್ಯಾದೆ ತೆಗೆದಿರಿ ಎಂದು ಮೆಲ್ಲಗೇ ಹೇಳಿದಳು. ಎರಡು ವರ್ಷ ಸುಮ್ಮನಿದ್ದವರಿಗೆ ಇವತ್ತೇ ಸತ್ಯ ಹೇಳಬೇಕಾಗಿತ್ತೇ ಎಂದಳು. ಅವನು ಬಟ್ಟೆಗಳ ಕ್ಲಿಪ್ಪು ಬಿಚ್ಚಿ ಜೇಬಿಗೆ ಹಾಕಿಕೊಳ್ಳುತ್ತಿದ್ದ.

"ಸುಮ್ನಿದ್ದಿದ್ದೇ ತಪ್ಪಾಯ್ತು," ಎಂದ. "ಮೊದ್ಮೊದ್ಲು ನಂಗೂ ನಗು ಬರ್ತಿತ್ತು. ಇವ್ಳು ಎಂಥಾ ಕಿಲಾಡಿ ಅಂತ. ರಿಪೋರ್ಟ್ ಚೆನ್ನಾಗಿ ಬಂತಲ್ಲ, ನನ್ನ ಹೊಟ್ಟೆ ನೋಡ್ಕಂಡು ನಂಗೇ ನಾಚ್ಕೆ ಆಗ್ತಿತ್ತು. ಮೊನ್ನೆ ಕದಿರಣ್ಣ ನಿನ್ನ ರವಿಕೆ ವಾಪಸ್ ಕೊಟ್ಬುಟ್ಟ. ಇನ್ನು ಹಿಡ್ಯಕ್ಕೆ ಬರಲ್ಲ ಕಣಣ್ಣ, ಅಕ್ಕಂಗೆ ಏನಾಗೈತೆ ಅಂದ. ನಾನು ಏನಂದೆ ಗೊತ್ತಾ? ಕಾಶಿಲಿ ಬಿಟ್ಟವ್ಳೆ ಅಂದೆ. ನನ್ನ ಬಾಯಿಂದ್ಲೇ ಬಂತು."

ಪ್ರಮೀಳಾ ತಂತಿಯ ಮೇಲಿದ್ದ ಟವೆಲ್ಲನ್ನು ಎಳೆದು ಮಡಚಿದಳು. ಸರಿಯಾಗಲಿಲ್ಲವೆಂದು ಬಿಚ್ಚಿ ಮತ್ತೆ ಮಡಚಿದಳು.

"ನಾಳೆ ಒಂದ್ ದಿನ ತಿನ್ನು," ಎಂದ ಅವನು. "ಅತ್ತೆಗೋಸ್ಕರ. ನಾಡಿದ್ದಿಂದ ನಿನ್ನಿಷ್ಟ."

ಆಗಲಿ ಎನ್ನಲು ಬಾಯಿ ತೆರೆದಳು. ಒಂದು ದಿನ ತಾನೆ, ಒಂದು ಎಲೆ ತಾನೆ. ಅಷ್ಟರಲ್ಲಿ ಕೆಳಗೆ ಪದ್ಮಲತಾ ಬೇಳೆ ಬೇಯಿಸಿ ಬೆಲ್ಲ ಹಾಕಿದ ವಾಸನೆ ಮೆಟ್ಟಿಲು ಹತ್ತಿ ಬಂತು. ಪ್ರಮೀಳಾ ಸೆರಗನ್ನು ಮೂಗಿಗೆ ಒತ್ತಿ ಹಿಡಿದಳು. ಇಷ್ಟು ದಿನವೂ ಅವಳು ತಿನ್ನುವುದಿಲ್ಲ ಎಂದೇ ಹೇಳುತ್ತಿದ್ದಳು, ಅದು ತನ್ನ ಹಟ, ತನ್ನ ಶಿಸ್ತು ಎಂದು. ಬೇಕೆಂದಾಗ ತಿನ್ನಬಲ್ಲೆ ಎನ್ನುವ ನಂಬಿಕೆ ಎಲ್ಲೋ ಹಿಂದೆ ಇತ್ತು. ಈಗ ಬೇಕೆನ್ನಿಸಿತು, ಅಮ್ಮನಿಗೋಸ್ಕರ ನಿಜವಾಗಿಯೂ ಬೇಕೆನ್ನಿಸಿತು.

"ತಿನ್ನಾಕೆ ಆಗಲ್ಲ ರೀ," ಎಂದಳು.

"ಯಾಕೆ?"

"ಗೊತ್ತಿಲ್ಲ. ಭಯ ಆಗ್ತೈತೆ."

ವೇಣುಗೋಪಾಲ ಅವಳ ಕೈಯಿಂದ ಟವೆಲ್ ತೆಗೆದುಕೊಂಡು, ಪಕ್ಕದಲ್ಲಿ ನಿಂತುಕೊಂಡ. ಅವಳು ಕೀರ್ತನಾಳ ಮಾತನ್ನು ನೆನೆಯುತ್ತಿದ್ದಳು. ಆ ದಿನ ಮಗಳ ಮೇಲೆ ಅಷ್ಟು ಸಿಟ್ಟು ಬಂದದ್ದೇಕೆಂದು ಈಗ ಅರ್ಥವಾಗತೊಡಗಿತ್ತು.

ಮರುದಿನ ಪಡಸಾಲೆಯಲ್ಲಿ, ಒಂದು ಕಾಲಕ್ಕೆ ಮಗ್ಗದ ಗುಂಡಿಯಿದ್ದು ಈಗ ಸಿಮೆಂಟು ಮೆತ್ತಿದ್ದ ಜಾಗದಲ್ಲಿ, ಪೂರ್ವಕ್ಕೆ ಮುಖ ಮಾಡಿ ಎಲೆ ಹಾಕಿದರು. ಪ್ರಮೀಳಾಳನ್ನು ಕೂರಿಸಿ ಪದ್ಮಲತಾ ಕಾಲಿಗೆ ಅರಿಶಿನ ಹಚ್ಚಿದಳು, ಹಣೆಗೆ ಕುಂಕುಮವಿಟ್ಟು ಮಡಿಲಿಗೆ ರವಿಕೆ ಕಣ, ಬಳೆ ಹಾಕಿದಳು. ಬಳೆ ತೊಡಿಸಲು ಹೋದರೆ ಮೊಣಕೈವರೆಗೂ ಜಾರಿಕೊಂಡು ಹೋಯಿತು. ಆಮೇಲೆ ಬಡಿಸಲು ಶುರುಮಾಡಿದಳು. ಅಮ್ಮನ ಫೋಟೋ ಎದುರಿಗಿತ್ತು. ಅಪ್ಪ ಕಂಬದ ಪಕ್ಕ ಕೂತಿದ್ದರು. ಮುತ್ತೈದೆ ಮೊದಲ ತುತ್ತು ತಿಂದ ಮೇಲೆಯೇ ಮನೆಯವರಿಗೆ ಊಟ. ಚಿಕ್ಕಮ್ಮ ಅಡುಗೆಮನೆಯ ಬಾಗಿಲಿನಿಂದ ಈಚೆಗೆ ಬಂದಿರಲಿಲ್ಲ.

ಹುಣಸೆ ಅನ್ನದಲ್ಲಿ ಕಡಲೆಬೀಜ ಹೊಳೆಯುತ್ತಿತ್ತು. ಒಬ್ಬಟ್ಟಿನ ಮೇಲಿನಿಂದ ತುಪ್ಪ ಜಾರಿ ವಡೆಯ ಬುಡ ಸೇರುತ್ತಿತ್ತು. ಪ್ರಮೀಳಾ ಕೈ ನೀಡಿದಳು. ತಕ್ಷಣ ತಲೆಯೊಳಗೆ ಲೆಕ್ಕ ಶುರುವಾಯಿತು: ಬಿಳಿ ಅಕ್ಕಿ, ಅದು ಸಕ್ಕರೆಯೇ, ಕಾದೂ ಕಾದೂ ಕಪ್ಪಾದ ಎಣ್ಣೆ, ಬೆಲ್ಲ. ಎದುರಿಗೆ ಫೋಟೋದಲ್ಲಿ ಅಮ್ಮ, ಸಕ್ಕರೆ ಕಾಯಿಲೆಗೂ ಮುಂಚಿನ ತುಂಬುಗೆನ್ನೆಯ ಅಮ್ಮ, ನಗುತ್ತಿದ್ದಳು. ಇದೇ ಎಲೆ ಅವಳನ್ನು ತಿಂದದ್ದು. ಬೋಂಡಾ ಬೇಡವೆನ್ನಲು ಆಗದೆ ನಮ್ಮನ್ನು ಬಿಟ್ಟು ಹೋದವಳು, ಈಗ ನಾನು ಕೂತು ಅದನ್ನೇ ತಿನ್ನಬೇಕು. ಅಮ್ಮನ ಮೇಲೆ ತನಗೆ ಇಷ್ಟು ಸಿಟ್ಟಿತ್ತೆಂದು ಪ್ರಮೀಳಾಳಿಗೆ ಆ ಗಳಿಗೆಯವರೆಗೆ ಗೊತ್ತಿರಲಿಲ್ಲ.

ಬೆರಳು ಅನ್ನಕ್ಕೆ ತಾಗಿತು. ಅಲ್ಲೇ ನಿಂತಿತು. ಎಲ್ಲರೂ ನೋಡುತ್ತಿದ್ದರು, ನೋಡದ ಹಾಗೂ ಇದ್ದರು.

"ಅಪ್ಪಾ," ಎಂದಳು. "ಆಗ್ತಿಲ್ಲ. ಬ್ಯಾಡ ಅಂತಲ್ಲ. ಕೈ ಬಾಯಿಗೆ ಬರ್ತಿಲ್ಲ. ನಂಗೇನೋ ಕಾಯಿಲೆ ಐತೆ ಅನ್ಸ್ತೈತಪ್ಪಾ."

ಕೇಶವಯ್ಯನವರು ಕಂಬ ಹಿಡಿದು ಅರ್ಧ ಎದ್ದು ಮತ್ತೆ ಕೂತರು. ಅರವತ್ತು ವರ್ಷ ಮಗ್ಗದಲ್ಲಿ ದುಡಿದ ಮನುಷ್ಯ, ಕಾಯಿಲೆಯೆಂದರೆ ಜ್ವರ, ಕೆಮ್ಮು, ಸಕ್ಕರೆ, ಇಷ್ಟೇ ಕಂಡವರು. ಸಾಯಿಕುಮಾರ್ ಹೆಂಡತಿಯ ಮುಖ ನೋಡಿದ. ಎಲೆ ಎತ್ತುವಂತಿಲ್ಲ, ಬೇರೆಯವರನ್ನು ಕರೆತರೋಣವೆಂದರೆ ಒಮ್ಮೆ ಕೂರಿಸಿದ ಮುತ್ತೈದೆಯನ್ನು ಎಬ್ಬಿಸುವಂತಿಲ್ಲ.

ಆಗ ಬಾಗಿಲ ಹತ್ತಿರದಿಂದ ಚಿಕ್ಕಮ್ಮ ಬಂದಳು. ಬಂದವಳೇ ಮೊಣಕಾಲಿನ ಮೇಲೆ ಕೈಯೂರಿ, ಅಮ್ಮಾ ಎಂದು ಉಸಿರುಬಿಟ್ಟು, ಪ್ರಮೀಳಾಳ ಪಕ್ಕ ಅದೇ ಎಲೆಯ ಮುಂದೆ ಕೂತುಬಿಟ್ಟಳು.

"ಚಿಕ್ಕಮ್ಮಾ," ಎಂದಳು ಪದ್ಮಲತಾ ಗಾಬರಿಯಿಂದ.

"ಇರ್ಲಿ ಇರಮ್ಮ. ಕೂತ್ಕಳಂಗಿರೋಳ್ಗೆ ತಿನ್ನಾಕಾಗಲ್ಲ. ತಿನ್ನಾಕಾಗೋಳು ಕೂತ್ಕಳಂಗಿಲ್ಲ. ಇಬ್ರೂ ಸೇರಿದ್ರೆ ಒಂದ್ ಮುತ್ತೈದೆ ಆಯ್ತದೆ, ಬಿಡು." ಭಾವನ ಕಡೆ ತಿರುಗಿದಳು. "ಏನ್ ಭಾವ? ನಮ್ಮಕ್ಕ ಎಲೆ ಮುಂದೆ ಕೂತವ್ಳನ್ನ ಎದ್ದೇಳು ಅಂದಾಳಾ?"

ಕೇಶವಯ್ಯನವರು ಫೋಟೋ ಕಡೆ ನೋಡಿದರು. "ಅವ್ಳೆಲ್ಲಿ ಅಂದಾಳು," ಎಂದರು. "ಅನ್ನೋಕೆ ಬಾಯಿ ಖಾಲಿ ಇರ್ಬೇಕಲ್ಲ. ತಿನ್ನಿ ತಿನ್ನಿ."

ಚಿಕ್ಕಮ್ಮ ವಡೆ ಮುರಿದಳು. ತಿನ್ನುತ್ತ ಅಕ್ಕನ ಕತೆ ಶುರುಮಾಡಿದಳು. ಮದುವೆಗೆ ಮುಂಚೆ ಸೆಟ್ಟೂರಿನ ನೆಂಟರ ಮನೆಗೆ ಹೋದಾಗ ಅಕ್ಕ ಅಲಸಂದೆ ವಡೆಯನ್ನು ಲಂಗದ ಮಡಿಲಲ್ಲಿ ಕಟ್ಟಿಕೊಂಡು ಬಂದು, ದಾರಿಯಲ್ಲಿ ನಾಯಿಗಳು ಬೆನ್ನು ಹತ್ತಿ, ಕೊನೆಗೆ ಲಂಗ ಹೋದರೂ ಪರವಾಗಿಲ್ಲ ವಡೆ ಬಿಡಲ್ಲ ಅಂದಿದ್ದಳಂತೆ. ಅಪ್ಪನಿಗೆ ಈ ಕತೆ ಗೊತ್ತಿರಲಿಲ್ಲ, ಹೆಗಲ ಮೇಲಿನ ಟವೆಲ್ಲಿನಿಂದ ಕಣ್ಣೊರೆಸಿಕೊಂಡು ನಕ್ಕರು. ಚಿಕ್ಕಮ್ಮನ ಕೈ ಎಲೆಯ ಅರ್ಧದಿಂದ ಆಚೆ ಹೋಗುತ್ತಿರಲಿಲ್ಲ. ಈಚೆಗಿನ ಅರ್ಧವನ್ನು ಹಾಗೇ ಬಿಟ್ಟಿದ್ದಳು. ತಿನ್ನು ಎಂದೂ ಅನ್ನಲಿಲ್ಲ.

ಪ್ರಮೀಳಾ ಹುಣಸೆ ಅನ್ನದಲ್ಲಿ ಒಂದು ಸಣ್ಣ ತುತ್ತು ಮಾಡಿದಳು. ಬಾಯಿಗಿಟ್ಟಳು. ಹುಳಿ ನಾಲಿಗೆಯ ಎರಡೂ ಬದಿಗೆ ಹರಿದು ದವಡೆ ನೋಯುವಷ್ಟು ನೀರೂರಿತು. ನುಂಗುವುದಕ್ಕೆ ಬಹಳ ಹೊತ್ತು ಹಿಡಿಯಿತು. ತಲೆಯೊಳಗಿನ ಲೆಕ್ಕ ನಿಲ್ಲಲಿಲ್ಲ. ಅದು ಒಂದು ಕಡೆ ನಡೆದೇ ಇತ್ತು, ಚಿಕ್ಕಮ್ಮನ ಕತೆ ಇನ್ನೊಂದು ಕಡೆ. ಇನ್ನೂ ಕೆಲವು ತುತ್ತು ತಿಂದಳು, ವಡೆಯ ಒಂದು ಅಂಚು ತಿಂದಳು. ಒಬ್ಬಟ್ಟಿಗೆ ಬಂದಾಗ ಆಗಲಿಲ್ಲ. ಚಿಕ್ಕಮ್ಮನ ಕಡೆ ನೋಡಿದಳು. ಚಿಕ್ಕಮ್ಮ ಅದನ್ನು ತನ್ನ ಅರ್ಧಕ್ಕೆ ಎಳೆದುಕೊಂಡು, ತುಪ್ಪದ ಸಮೇತ ಮುಗಿಸಿದಳು. ಎಲೆಯಲ್ಲಿ ಏನೂ ಉಳಿಯಲಿಲ್ಲ.

ಊಟವಾದ ಮೇಲೆ ಪ್ರಮೀಳಾಳಿಗೆ ಕೂರಲಾಗಲಿಲ್ಲ. ತಿಂದದ್ದು ಒಳಗೆ ಇದೆ ಎನ್ನುವುದಕ್ಕೇ ಮೈಮೇಲೆ ಹುಳು ಹರಿದ ಹಾಗಾಗುತ್ತಿತ್ತು. ಬೆಟ್ಟದ ಕಡೆ ನಡೆದುಬರುತ್ತೇನೆಂದು ಹೊರಟವಳನ್ನು ವೇಣುಗೋಪಾಲ ತಡೆಯಲಿಲ್ಲ, ಜೊತೆಗೆ ಹೊರಟ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಅವಳಿಗೆ ಸುಸ್ತಾಗಿ ಒಂದು ಹುಣಸೆಮರದ ಕೆಳಗೆ ಕಲ್ಲಿನ ಮೇಲೆ ಕೂತಳು. ಅಲ್ಲಿಂದಲೇ ಕೀರ್ತನಾಳಿಗೆ ಫೋನು ಮಾಡಿದಳು.

"ನೀನು ಅವತ್ತು ಹೇಳಿದ್ಯಲ್ಲ, ಊಟದ ಕಾಯಿಲೆ," ಎಂದಳು. "ಅದಕ್ಕೆ ಯಾವ್ ಡಾಕ್ಟ್ರು ನೋಡ್ತಾರೆ?"

ಆ ಕಡೆಯಿಂದ ಮಗಳು ಮೂಗು ಎಳೆದುಕೊಂಡ ಸದ್ದು ಕೇಳಿತು. ಮೇಡಂ ಹತ್ತಿರ ಕೇಳಿ ಸೋಮವಾರಕ್ಕೆ ಡಾಕ್ಟರ ಹತ್ತಿರ ಹೆಸರು ಬರೆಸುತ್ತೇನೆ, ಮೊದಲು ರಕ್ತ ನೋಡುತ್ತಾರೆ, ಆಮೇಲೆ ಮನಸ್ಸಿನ ಡಾಕ್ಟರ ಹತ್ತಿರವೂ ಮಾತಾಡಬೇಕಾಗುತ್ತದೆ, ಬೇಗ ವಾಸಿಯಾಗುವಂಥದ್ದಲ್ಲವಂತೆ, ಬೇಜಾರು ಮಾಡಿಕೊಳ್ಳಬೇಡ ಎಂದಳು. ಬೇಜಾರಿಲ್ಲ ಎಂದಳು ಪ್ರಮೀಳಾ. ಆ ಡಾಕ್ಟರು ಸಾಮೆ ತೂಗಲು ಬಿಡುತ್ತಾರಾ ಎಂದು ಕೇಳಬೇಕೆನ್ನಿಸಿತು, ಕೇಳಲಿಲ್ಲ.

ಮಾರನೆಯ ದಿನ ಹಿಂದೂಪುರಕ್ಕೆ ಹೊರಟರು. ಪದ್ಮಲತಾ ಅವಳ ಎರಡು ಸ್ಟೀಲ್ ಡಬ್ಬಿ ತೊಳೆದು, ಒಂದರಲ್ಲಿ ಹುಣಸೆ ಅನ್ನ, ಇನ್ನೊಂದರಲ್ಲಿ ಅವಳಿಗೆಂದೇ ಸಾಮೆ ಬೇಯಿಸಿ ತುಂಬಿದ್ದಳು. ಯಾವುದು ಬೇಕೋ ಅದು, ಅತ್ತಿಗೆ, ಎಂದಿದ್ದಳು. 

ಪಾವಗಡದಲ್ಲಿ ಬಸ್ಸು ಬದಲಾಯಿಸಲು ಇಳಿದರೆ ಸ್ಟ್ಯಾಂಡಿನ ತುಂಬ ಸೀತಾಫಲದ ಬುಟ್ಟಿಗಳು. ಹದವಾಗಿ ಬಿರಿದ ಹಣ್ಣುಗಳು, ಸಂದಿನಲ್ಲಿ ಬೆಳ್ಳಗೆ ಕಾಣುತ್ತಿದ್ದವು. ಪ್ರಮೀಳಾ ಬೆಂಚಿನ ಮೇಲೆ ಕೂತು ಹುಣಸೆ ಅನ್ನದ ಡಬ್ಬಿಯ ಮುಚ್ಚಳ ತೆಗೆದಿದ್ದಳು. ಎರಡು ಚಮಚ ತಿಂದು ಮುಚ್ಚಿದ್ದಳು. ಮತ್ತೆ ತೆರೆಯಲೋ ಬೇಡವೋ ಎಂದು ಮುಚ್ಚಳದ ಮೇಲೆ ಕೈಯಿಟ್ಟುಕೊಂಡಿದ್ದಳು. ಬುಟ್ಟಿಯ ಹೆಂಗಸೊಬ್ಬಳು ಬಂದು ಹಣ್ಣೊಂದನ್ನು ಎರಡು ಹೋಳು ಮಾಡಿ ಅವಳ ಮೂಗಿನ ಮುಂದೆ ಹಿಡಿದಳು.

"ತಿನ್ನಮ್ಮಾ, ಎಷ್ಟ್ ಬಡವಾಗಿದ್ದೀಯ. ತಿಂದ್ ನೋಡಿ ಆಮೇಲೆ ತಗೋ."

ಆ ವಾಸನೆಗೆ ಅಮ್ಮನ ಅಕ್ಕಿಯ ಡಬ್ಬಿಯೇ ಬಾಯಿ ತೆರೆದ ಹಾಗಾಯಿತು. ಬಾಯಲ್ಲಿ ನೀರು ಬಂತು. ಇದಕ್ಕೆ ಮಾತ್ರ ಭಯವಾಗಲಿಲ್ಲ.

"ಬ್ಯಾಡ ಕಣಮ್ಮ," ಎಂದಳು. "ಕಾಶಿಲಿ ಬಿಟ್ಟೀನಿ."

ಆ ಹೆಂಗಸು ಕೈ ಹಿಂದಕ್ಕೆ ತೆಗೆದುಕೊಂಡು ಹೋಳನ್ನು ವೇಣುಗೋಪಾಲನಿಗೆ ಕೊಟ್ಟಳು. ಅವನು ಹಣ್ಣು ಹಿಡಿದುಕೊಂಡು ಹೆಂಡತಿಯ ಮುಖ ನೋಡಿದ. ಅವಳ ತುಟಿಯ ಕೊನೆ ಅಲುಗಿತು. ಅವನಿಗೆ ಮೊದಲು ನಗು ಬಂತು, ಆಮೇಲೆ ಅವಳಿಗೂ. ಹಿಂದೂಪುರದ ಬಸ್ಸು ಬರುವುದು ಇನ್ನೂ ತಡವಿತ್ತು. ಅವನು ಬೀಜ ಉಗಿಯುತ್ತ ಹಣ್ಣು ತಿನ್ನುತ್ತಿದ್ದರೆ, ಅವಳು ಡಬ್ಬಿಯ ಮುಚ್ಚಳವನ್ನು ಮತ್ತೆ ತಿರುಗಿಸಿ ತೆಗೆದಳು.